ಹಿಂದಿನ ಸೀಟಿನ ಕೆಂಪು ಕಲೆ

ನನ್ನ ಗಂಡ ತೀರಿಕೊಂಡ ಮರುವರ್ಷ ಅವರ ಕಾರನ್ನು ಮಾರಲು ಹೊರಟೆ. ಮೊಬೈಲ್ ಫೋನುಗಳು ನಮ್ಮ ಕಡೆ ಆಗಷ್ಟೇ ಎಲ್ಲರ ಅಂಗಿಯ ಕಿಸೆಗೆ ಬರತೊಡಗಿದ್ದ ಕಾಲ ಅದು. ನಮ್ಮ ಮನೆ ಬ್ಯಾಡಗಿಯಲ್ಲಿ. ಅವರದು ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ನಾನು ಹಾವೇರಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮನೆಯಲ್ಲಿ ಅತ್ತೆ, ಮೈದುನ, ಅವನ ಹೆಂಡತಿ ಇದ್ದರು. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಾರು ನಿಂತಿತ್ತು.

ಈಗ ಅಂಥ ಗಾಡಿಯನ್ನು ಕ್ಲಾಸಿಕ್ ಎಂದು ಕರೆದು ಫೋಟೊ ತೆಗೆಸಿಕೊಳ್ಳುವವರಿದ್ದಾರೆ. ಆಗ ಅದು ಕಂಪನಿಯವರು ತಯಾರಿಸುವುದನ್ನೇ ಬಿಟ್ಟಿದ್ದ ಗಾಡಿ, ಅಷ್ಟೆ. ಜೀಪಿನಷ್ಟು ಎತ್ತರ, ಅಗಲವಾದ ಮೂತಿ, ಹಿಂದೆ ಛಾವಣಿಯತನಕ ಬಾಗಿದ ದೊಡ್ಡ ಗಾಜುಗಳು, ಡೀಸೆಲ್ ಇಂಜಿನ್ನು, ಅದಕ್ಕೊಂದು ಟರ್ಬೊ. ಬಾಗಿಲು ಮಾತ್ರ ಎರಡೇ. ಹಿಂದೆ ಕೂರಬೇಕಾದವರು ಮುಂದಿನ ಸೀಟನ್ನು ಮಡಚಿ, ಬಗ್ಗಿ, ನುಸುಳಿ ಹೋಗಬೇಕು. ಕೂಡುಕುಟುಂಬಕ್ಕೆ ಇಂಥ ಕಾರು ತಂದವರು ಬ್ಯಾಡಗಿಯಲ್ಲಿ ನನ್ನ ಗಂಡನೊಬ್ಬರೇ ಇರಬೇಕು. ತಂದ ಹೊಸತರಲ್ಲಿ ಅಗಡಿಯ ಒಂದು ಮದುವೆಗೆ ಎಲ್ಲರೂ ಅದರಲ್ಲೇ ಹೋದೆವು. ಇಳಿಯುವಾಗ ಅತ್ತೆಯ ಸೀರೆಯ ಅಂಚು ಸೀಟಿನ ಕೆಳಗಿನ ಕಬ್ಬಿಣಕ್ಕೆ ಸಿಕ್ಕಿ, ಬೀಗರೆಲ್ಲ ನೋಡುತ್ತಿದ್ದಂತೆ ಅವರು ಹಿಂದುಮುಂದಾಗಿ ಇಳಿಯಬೇಕಾಯಿತು.

"ಇನ್ ಮುಂದ ಟ್ರ್ಯಾಕ್ಟರಿನ್ಯಾಗ ಬೇಕಾರ ಬರ್ತೇನಿ, ಈ ಗಾಡಿ ಮಾತ್ರ ಬ್ಯಾಡಪಾ," ಎಂದರು ಅತ್ತೆ. ಆಮೇಲೆ ಅದರಲ್ಲಿ ಕಾಲಿಡಲಿಲ್ಲ.

ಹಾಗಾಗಿ ಕಾರು ಓಡಿದ್ದು ಬಹಳ ಕಡಿಮೆ. ಮಾರ್ಕೆಟ್ಟಿಗೆ ಅವರು ಬೈಕಿನಲ್ಲಿ ಹೋಗುತ್ತಿದ್ದರು. ಭಾನುವಾರ ಮಾತ್ರ ನಾವಿಬ್ಬರೇ ಹೆದ್ದಾರಿ ಹಿಡಿದು ರಾಣೆಬೆನ್ನೂರಿನ ತನಕ ಹೋಗಿ, ಮಿರ್ಚಿ ಮಂಡಕ್ಕಿ ತಿಂದು ತಿರುಗಿ ಬರುತ್ತಿದ್ದೆವು. ಗೇರು ಬದಲಿಸಿ ಅವರು ಕಾಲು ಒತ್ತಿದಾಗ ಇಂಜಿನ್ನಿನೊಳಗಿಂದ ಸಣ್ಣದೊಂದು ಶಿಳ್ಳೆ ಏಳುತ್ತಿತ್ತು. "ಕೇಳಿಸ್ತೇನು?" ಎಂದು ಪ್ರತಿ ಸಲ ಕೇಳುತ್ತಿದ್ದರು. ಮನೆಗೆ ಬಂದ ಮೇಲೆ ಇಂಜಿನ್ನು ಆರಿಸದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರುತ್ತಿದ್ದರು. ಟರ್ಬೊ ತಣ್ಣಗಾಗಬೇಕಂತೆ. ಡೀಸೆಲ್ ಸುಟ್ಟುಕೊಂಡು ಅಂಗಳದಲ್ಲಿ ಕೂರುವ ಗಂಡಸನ್ನು ಕಂಡು ಓಣಿಯವರು ನಗುತ್ತಿದ್ದರು.

ಇಂಜಿನ್ನಿಗೆ ಮಾಡಿದ ಈ ಉಪಚಾರ ಕಾರಿನ ಮೈಗೆ ಆಗಲಿಲ್ಲ. ಶೆಡ್ಡಿನ ಪಡುವಣ ಬದಿಗೆ ಒಂದು ತಗಡು ಹಾರಿಹೋಗಿ, ಸಂಜೆಯ ಬಿಸಿಲು ನೇರ ಬಾನೆಟ್ಟಿನ ಮೇಲೆ ಬೀಳುತ್ತಿತ್ತು. ಅಲ್ಲಿನ ಬಣ್ಣ ಸುಣ್ಣದಂತಾಗಿ ಹಕ್ಕಳೆ ಏಳುತ್ತಿತ್ತು. ಮೆಣಸಿನಕಾಯಿಯ ಚೀಲ ಹೇರಿದ ಕೈಗಾಡಿಯೊಂದು ತಾಗಿ ಎಡಬಾಗಿಲಿನ ಉದ್ದಕ್ಕೂ ಗೀರು ಬಿದ್ದಿತ್ತು. ಹಿಂದಿನ ಸೀಟಿನ ಮೇಲೆ ತಟ್ಟೆಯಗಲದ ಒಂದು ಕೆಂಪು ಕಲೆ.

ಆ ಕಲೆಯ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ಮಳೆಗಾಲದಲ್ಲಿ ಅವರು ವ್ಯಾಪಾರಿಯೊಬ್ಬನಿಗೆ ತೋರಿಸಲೆಂದು ಮೆಣಸಿನಪುಡಿಯ ಸ್ಯಾಂಪಲ್ ಪೊಟ್ಟಣಗಳನ್ನು ಹಿಂದಿನ ಸೀಟಿನಲ್ಲಿಟ್ಟು ಮರೆತರು. ಹಿಂಬದಿಯ ಗಾಜಿನ ಸಂದಿಯಿಂದ ನೀರು ಸೋರಿತು. ಬೆಳಗಾಗುವಷ್ಟರಲ್ಲಿ ಪೊಟ್ಟಣ ನೆನೆದು, ಬಣ್ಣ ಸೀಟಿನ ಬಿಳಿ ಬಟ್ಟೆಯೊಳಗೆ ಇಳಿದಿತ್ತು. ಸೋಪು ಹಚ್ಚಿ ತಿಕ್ಕಿದರು, ಕಲೆ ಇನ್ನಷ್ಟು ಹರಡಿತು. ಅವರಿಗೆ ಬೇಸರವೇ ಆಗಲಿಲ್ಲ. "ನಮ್ಮೂರ ಕಾಯಿ ಬಣ್ಣ ಅಂದ್ರ ಇದು ನೋಡು," ಎಂದು ಬಂದವರಿಗೆಲ್ಲ ತೋರಿಸಿದರು.

ಅವರು ಸತ್ತದ್ದು ಕಾಮಾಲೆಯಿಂದ, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಹಾಸಿಗೆಯ ಮೇಲೆ. ಅವರನ್ನು ಕರೆದೊಯ್ದದ್ದು ಬಾಡಿಗೆ ವ್ಯಾನಿನಲ್ಲಿ, ಯಾಕೆಂದರೆ ಅವರು ಮಲಗಿಯೇ ಹೋಗಬೇಕಿತ್ತು. ಪಕ್ಕದಲ್ಲಿ ನಾನಿದ್ದೆ. ಮೈದುನನೂ ಇದ್ದ. ಕಾರು ಶೆಡ್ಡಿನಲ್ಲಿತ್ತು.

ಮೈದುನ ಆಮೇಲೆ ಅಂಗಡಿ ನೋಡಿಕೊಳ್ಳತೊಡಗಿದ. ಕಾರಿನ ಬೀಗದಕೈ ನನ್ನ ಟ್ರಂಕಿನಲ್ಲಿತ್ತು. ಒಂದು ದಿನ ಕೇಳಿದ, ಕೊಟ್ಟೆ. ಗೆಳೆಯರ ಜೊತೆ ರಾಣೆಬೆನ್ನೂರಿಗೆ ಹೋಗಿ ಬಂದ. ಎರಡು ಮೂರು ದಿನ ಕಳೆದ ಮೇಲೆ ಶೆಡ್ಡಿನ ಕಡೆಯಿಂದ ನಾತ ಬರತೊಡಗಿತು. ಬಾಗಿಲು ತೆಗೆದು ನೋಡಿದರೆ ಸೀಟಿನ ಕೆಳಗೆ ಕಚ್ಚಿ ಬಿಸಾಕಿದ ಎಲುಬು, ಅದರ ತುಂಬ ಇರುವೆ. ಬಾಗಿಲಿನ ಚೀಲದಲ್ಲಿ ಅರ್ಧ ತುಂಬಿದ ಪ್ಲಾಸ್ಟಿಕ್ ಬಾಟಲಿ. ನೀರೆಂದುಕೊಂಡು ಎತ್ತಿದೆ. ಅದು ಗುಟ್ಕಾ ಉಗುಳು. ಬೆಚ್ಚಗಿತ್ತು, ಬಿಸಿಲಿಗೆ. ನಾನು ಅಲ್ಲೇ ಗೋಡೆಗೆ ಕೈಕೊಟ್ಟು ವಾಂತಿ ಮಾಡಿಕೊಂಡೆ. ನನ್ನ ಗಂಡ ಆ ಕಾರಿನೊಳಗೆ ಚಪ್ಪಲಿ ಕೊಡವದೆ ಕಾಲಿಡುತ್ತಿರಲಿಲ್ಲ.

ಅದೇ ವಾರ ಹಾವೇರಿಯಲ್ಲಿ ಶಾಲೆಯ ಹತ್ತಿರ ಬಾಡಿಗೆ ಮನೆ ಗೊತ್ತುಮಾಡಿದೆ. ಕಾರು ಮಾರಿದ ಮೇಲೆ ಅಲ್ಲಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿದೆ.

"ಮಾರೂದ್ಯಾಕ ವೈನಿ? ಮನ್ಯಾಗ ಇರ್ಲಿ ಬಿಡ್ರಿ. ನಾ ನೋಡ್ಕೋತೇನಿ," ಎಂದ ಮೈದುನ.

"ನೀ ನೋಡ್ಕೊಂಡಿದ್ದು ನಾ ನೋಡೇನಿ," ಎಂದೆ.

ಅವನು ನಕ್ಕ. ಆ ನಗುವಿನಲ್ಲಿ ನಾಚಿಕೆಯ ಲವಲೇಶವೂ ಇರಲಿಲ್ಲ.

ಹಾವೇರಿಯಿಂದ ಗಾಡಿಗಳ ಏಜೆಂಟನೊಬ್ಬ ಬಂದ. ಬಾನೆಟ್ಟಿನ ಹಕ್ಕಳೆಯನ್ನು ಉಗುರಿನಿಂದ ಕಿತ್ತು ನೋಡಿದ, ಗೀರಿನ ಮೇಲೆ ಬೆರಳಾಡಿಸಿದ, ಆಮೇಲೆ ಒಳಗೆ ಬಗ್ಗಿ ಕಿಲೋಮೀಟರು ಓದಿದ. ಇಪ್ಪತ್ತೆರಡು ಸಾವಿರ ಚಿಲ್ಲರೆ ಇತ್ತು. ತಲೆಯೆತ್ತಿ ನನ್ನತ್ತ ಮೆಚ್ಚುಗೆಯಿಂದ ನೋಡಿದ.

"ಅಕ್ಕೋರ, ಮೀಟರ್ ಯಾರ ಕಡೆ ಹಿಂದಕ್ಕ ತಿರುವ್ಸೀರಿ? ಕೆಲಸ ಛಲೋ ಮಾಡ್ಯಾನ."

"ಯಾರೂ ತಿರುವಿಲ್ಲ. ಓಡಿದ್ದ ಅಷ್ಟು."

"ಹಂಗಂದ್ರ ಯಾರ್ ನಂಬತಾರ್ರೀ? ನನ್ ಮಾತ ಕೇಳ್ರಿ, ಇದನ್ನ ಅರವತ್ತ ಸಾವಿರಕ್ಕ ಏರ್ಸಿಬಿಡೋಣು. ಆವಾಗ ನೋಡಿದವ್ರಿಗೆ ಖರೇ ಅನಸ್ತದ."

ನಿಜವನ್ನು ನಿಜದಂತೆ ಕಾಣಿಸಲು ಸುಳ್ಳು ಹೇಳಬೇಕು ಎಂದು ಅವನು ನನಗೆ ಸಮಾಧಾನದಿಂದ, ದಡ್ಡ ವಿದ್ಯಾರ್ಥಿಗೆ ಹೇಳುವಂತೆ ವಿವರಿಸಿದ. ಆಗುವುದಿಲ್ಲ ಎಂದೆ. ಅವನು ಹೆಗಲು ಕುಣಿಸಿ ಹಿಂದಿನ ಸೀಟಿನ ಕಡೆ ಬೆರಳು ಮಾಡಿದ. "ಇದಕ್ಕರ ಕರಿ ರೆಕ್ಸಿನ್ ಹೊಲಿಸ್ರಿ. ನೋಡಿದವ್ರು ಬ್ಯಾರೇನ ತಿಳ್ಕೋತಾರ."

"ಏನ್ ತಿಳ್ಕೋತಾರ?"

ಅವನು ನೆಲ ನೋಡಿದ. "ಏನಿಲ್ಲ ಬಿಡ್ರಿ," ಎಂದು ಹೊರಟ. ಅವನಿಗೆ ಏನೋ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಅವನೇ ಕಳಿಸಿದ ಮೊದಲ ಗಿರಾಕಿ ಹಾವೇರಿಯಲ್ಲಿ ಪ್ಲಾಟು ಮಾರುವವನು. ಕೊರಳಲ್ಲಿ ಹಗ್ಗದಷ್ಟು ದಪ್ಪ ಚೈನು, ಜೊತೆಗೆ ಇಬ್ಬರು ಗೆಳೆಯರು. ನಮಸ್ಕಾರ ಸಹ ಇಲ್ಲದೆ ಒಳಗೆ ಕುಳಿತು, ತಣ್ಣಗಿದ್ದ ಇಂಜಿನ್ನನ್ನು ಚಾಲೂ ಮಾಡಿದವನೇ ಕಾಲನ್ನು ನೆಲದ ತನಕ ಒತ್ತಿದ. ಇಂಜಿನ್ನು ಅರಚಿತು. ಶೆಡ್ಡು ಕರಿಹೊಗೆಯಿಂದ ತುಂಬಿತು. ಒಣಹಾಕಿದ್ದ ಅತ್ತೆಯ ಸೀರೆಯ ಮೇಲೆ ಮಸಿ ಕೂತಿತು. "ಟರ್ಬೊ ಐತೋ ಇಲ್ಲೋ ನೋಡಬೇಕಲ್ರೀ," ಎಂದು ಪಟ್ಟನೆ ಆರಿಸಿ ಇಳಿದು, ಮುಂದಿನ ಗಾಲಿಯ ಬುಡಕ್ಕೆ ಉಗಿದ.

ಅವನ ಗೆಳೆಯರಲ್ಲೊಬ್ಬ ಅಷ್ಟರಲ್ಲಿ ಹಿಂದಿನ ಸೀಟಿಗೆ ನುಸುಳಿದ್ದ. ಕಲೆಯ ಮೇಲೆ ಬೆರಳು ತಿಕ್ಕಿದ. ಬೆರಳನ್ನು ಮೂಗಿನ ಹತ್ತಿರ ತರಲು ಹೋಗಿ ಹೇಸಿ, ಕಾರಿನ ಛಾವಣಿಯ ಬಟ್ಟೆಗೇ ಒರೆಸಿದ. ಆಮೇಲೆ ಬಹಳ ಮರ್ಯಾದೆಯ ದನಿಯಲ್ಲಿ ನನ್ನನ್ನು ಕೇಳಿದ:

"ಸಾಹೇಬ್ರನ್ನ ಇಲ್ಲೇ ಮಲಗಿಸಿಕೊಂಡ್ ಹೋಗಿದ್ರೇನ್ರಿ? ಜೀವ ಇಲ್ಲೇ ಹೋತೋ, ದವಾಖಾನಿ ಮುಟ್ಟಿದ ಮ್ಯಾಲೋ?"

ನನಗೆ ಮೊದಲು ಅರ್ಥವೇ ಆಗಲಿಲ್ಲ.

"ಅವ್ರು ತೀರಿಕೊಂಡಿದ್ದು ಕಾಮಾಲಿಂದ. ಈ ಕಾರಿನ್ಯಾಗ ಅಲ್ಲ. ಅದು ಮೆಣಸಿನಕಾಯಿ ಕಲಿ," ಎಂದೆ.

ಚೈನಿನವನು ನನ್ನನ್ನು ಕನಿಕರದಿಂದ ನೋಡಿದ. "ಅದು ಸರಿ ಬಿಡ್ರಿ ಅಕ್ಕೋರ. ನೀವು ಹಂಗ ಹೇಳಬೇಕು, ನಾವು ಹಂಗ ಕೇಳಬೇಕು. ಆದ್ರ ಆಕ್ಸಿಡೆಂಟ್ ಗಾಡಿಗೆ ಆಕ್ಸಿಡೆಂಟ್ ಗಾಡಿ ರೇಟ್ ಹೇಳ್ರಿ. ಇದ್ರಾಗ ಶಾಂತಿ ಬ್ಯಾರೆ ಮಾಡಿಸಬೇಕು ನಾ."

ಹೊರಗೆ ನಡೆಯಿರಿ ಎಂದೆ. ನಡೆದರು, ಅವಸರವಿಲ್ಲದೆ, ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತ. ಆ ಸಂಜೆ ಕೊಡಗಟ್ಟಲೆ ನೀರು ಹೊತ್ತು ಶೆಡ್ಡಿನ ನೆಲ ತೊಳೆದೆ. ಉಗುಳಿನ ಕೆಂಪು ಸಿಮೆಂಟಿನಿಂದ ಹೋಯಿತು. ಛಾವಣಿಯ ಬಟ್ಟೆಯ ಮೇಲಿನ ಬೆರಳಿನ ಗುರುತು ಹೋಗಲಿಲ್ಲ.

ಆಮೇಲೆ ಬಂದವರಲ್ಲಿ ಅರ್ಧದಷ್ಟು ಜನ ಕೊಳ್ಳಲು ಬಂದವರೇ ಅಲ್ಲ. ಕಲೆ ನೋಡಲು ಬಂದವರು. ಬಾಗಿಲು ತೆಗೆಯಿರಿ ಎನ್ನುತ್ತಿದ್ದರು, ಮುಂದಿನ ಸೀಟು ಮಡಚಿ ಕುತ್ತಿಗೆ ಚಾಚುತ್ತಿದ್ದರು, ಚ್ ಚ್ ಎನ್ನುತ್ತಿದ್ದರು. ನಾನು ಮೆಣಸಿನಕಾಯಿ ಎಂದಷ್ಟೂ ಅವರ ಮುಖದಲ್ಲಿ ಪಾಪ, ಹೇಳಿಕೊಳ್ಳಲಾರದವಳು ಎಂಬ ಭಾವ ಗಟ್ಟಿಯಾಗುತ್ತಿತ್ತು. ವರ್ಷವಿಡೀ ಮೆಣಸಿನಕಾಯಿಯ ಘಾಟಿನಲ್ಲೇ ಉಸಿರಾಡುವ, ಕೈ, ಅಂಗಿ, ಓಣಿ, ಚರಂಡಿಯವರೆಗೆ ಅದೇ ಕೆಂಪನ್ನು ಕಾಣುವ ಊರಿನ ಜನ ಇವರು. ಗುರುತು ಹಿಡಿಯಲಾಗಲಿಲ್ಲವೆಂದರೆ ನಾನು ನಂಬಲಾರೆ. ಅವರಿಗೆ ರಕ್ತವೇ ಬೇಕಾಗಿತ್ತು.

ಮಾತು ಒಳಮನೆಗೂ ಬಂತು. ಒಂದು ಮುಂಜಾನೆ ನಾನು ಬಸ್ಸಿಗೆ ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಮಗನನ್ನು ವ್ಯಾನಿನಲ್ಲಿ ಕರೆದೊಯ್ದಾಗ ಅವರು ನೆಂಟರ ಊರಿನಲ್ಲಿದ್ದರು, ಆಮೇಲೂ ಮೊಣಕಾಲು ನೋವಿನಿಂದ ಹುಬ್ಬಳ್ಳಿಗೆ ಬಂದಿರಲಿಲ್ಲ.

"ನನ್ ಮುಂದ ಏನರ ಮುಚ್ಚಿಟ್ಟೀಯೇನವಾ? ನನ್ ಮಗಾ ಗಾಡಿ ಹೊಡಕೊಂಡ್ ಸತ್ತನೇನು? ಖರೇ ಹೇಳು, ನಾ ಏನೂ ಅನ್ನಂಗಿಲ್ಲ."

ಚೀಲ ಕೆಳಗಿಟ್ಟು ಅವರ ಪಕ್ಕ ಕೂತು ಮತ್ತೊಮ್ಮೆ ಎಲ್ಲ ಹೇಳಿದೆ. ಕಣ್ಣು ಹಳದಿಯಾದದ್ದು, ಅನ್ನ ಸೇರದಾದದ್ದು, ಕೊನೆಗೆ ನಾನು ಚಮಚದಲ್ಲಿ ಹಾಕಿದ ನೀರು ಕಟಬಾಯಿಯಿಂದ ಹೊರಗೆ ಬಂದದ್ದು. ಒಂದು ಸಲ ಅನುಭವಿಸಿ, ಒಂದು ಸಲ ಹೇಳಿ ಮುಗಿಸಿದ್ದನ್ನು ಮತ್ತೆ ಹೇಳಬೇಕಾಯಿತು, ಯಾರೋ ಚಹಾ ಕುಡಿಯುತ್ತ ಆಡಿದ ಒಂದು ಮಾತಿಗಾಗಿ. ಅತ್ತೆ ಅತ್ತರು. ನಂಬಿದರೋ ಇಲ್ಲವೋ ಆಗ ತಿಳಿಯಲಿಲ್ಲ. ಆ ದಿನ ನಾನು ಶಾಲೆಗೆ ಹೋಗಲಿಲ್ಲ.

ಆ ಮಾತು ಆಡಿದವರು ಯಾರೆಂದು ತಿಳಿದದ್ದು ಕುಪ್ಪೇಲೂರಿನ ಒಬ್ಬ ರೈತನಿಂದ. ಐವತ್ತರ ಆಸುಪಾಸಿನ, ನಿಧಾನ ಮಾತಿನ ಮನುಷ್ಯ. ಕಾರನ್ನು ಸುತ್ತಿ ನೋಡಿ, ಬಾನೆಟ್ಟಿನ ಹಕ್ಕಳೆಗೂ ಬಾಗಿಲಿನ ಗೀರಿಗೂ ಏನೂ ಅನ್ನದೆ, "ಮನಿಗೆ ಕೇಳಿ ಹೇಳ್ತೇನ್ರಿ" ಎಂದು ಹೋದವನು ಒಂದು ತಾಸಿನಲ್ಲೇ ತಿರುಗಿ ಬಂದ. ಒಳಗೆ ಬರ್ರಿ ಎಂದರೂ ಬರಲಿಲ್ಲ. ಮೆಟ್ಟಿಲ ಕೆಳಗೇ ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಗಾಡಿ ನನಗ ಮನಸಿಗೆ ಬಂದಿತ್ತು. ಆದ್ರ ಮಾರ್ಕೆಟ್ಟಿನ ಚಾದಂಗಡ್ಯಾಗ ಒಬ್ರು ಹೇಳಿದ್ರು, ಅದು ಸತ್ತವ್ರ ಗಾಡಿ, ರಕ್ತದ ಕಲಿ ಇನ್ನೂ ಹೋಗಿಲ್ಲ ಅಂತ. ಹೊರಗಿನವ್ರು ಅಂದಿದ್ರ ನಾ ಕಿವಿಗೆ ಹಾಕ್ಕೋತಿದ್ದಿಲ್ಲ. ಮನಿ ಮನಶಾನ ಹೇಳಿದ ಮ್ಯಾಲೆ ಹೆಂಗ್ ನಂಬದ ಇರ್ಲಿ?"

"ಯಾವ ಮನಿ ಮನಶಾ?"

"ನಿಮ್ಮ ಮೈದುನ್ರು ಅಲ್ರಿ? ಅಂಗಡಿ ನೋಡ್ಕೋತಾರಲ್ಲ, ಅವ್ರು. ‘ಯಾರೂ ತಗೋಳಂಗಿಲ್ಲ, ಕಡೀಕ ನನ್ನ ಕೊರಳಿಗೇ ಬೀಳ್ತದ’ ಅಂತ ನಕ್ಕೋತ ಹೇಳಿದ್ರು."

ನಾನು ಅವನಿಗೆ ಏನು ಹೇಳಿ ಕಳಿಸಿದೆನೋ ನೆನಪಿಲ್ಲ.

ಅಂದು ಸಂಜೆ ಮೈದುನ ಊಟಕ್ಕೆ ಕುಳಿತಿದ್ದ. ಅತ್ತೆ ಒಲೆಯ ಪಕ್ಕ ಇದ್ದರು. ಅವನ ತಟ್ಟೆಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ. ನಾನು ನಿಂತೇ ಕೇಳಿದೆ, ಚಾದಂಗಡಿಯಲ್ಲಿ ಏನೆಂದೆ ಎಂದು. ಅವನು ಅಲ್ಲಗಳೆಯುತ್ತಾನೆಂದುಕೊಂಡಿದ್ದೆ. ಅಲ್ಲಗಳೆಯಲಿಲ್ಲ.

"ಅಂದೇನಿ. ಏನಾತೀಗ?" ಎಂದ. ರೊಟ್ಟಿಯ ತುಂಡನ್ನು ಎಣ್ಣೆಯಲ್ಲಿ ಒತ್ತಿ ಬಾಯಿಗಿಟ್ಟುಕೊಂಡ. "ಅಣ್ಣನ ಗಾಡಿ ಕಂಡಕಂಡವ್ರ ಕೈಗೆ ಹೋಗೂದು ನನಗ ಬ್ಯಾಡಾಗಿತ್ತು. ನೆಟ್ಟಗ ಕೇಳಿದ್ರ ನೀವು ಕೊಡ್ತಿದ್ದಿಲ್ಲ. ಚಾಷ್ಟಿಗೆ ನಕ್ಕೋತ ಒಂದ್ ಮಾತ ಅಂದೆ, ಮಂದಿ ಬೆಳಿಸಿದ್ರು. ನಾ ಏನ್ ಮಾಡ್ಲಿ?"

"ದವಾಖಾನ್ಯಾಗ ನೀನೂ ಇದ್ದಿ."

"ಇದ್ದೆ."

"ಅವ್ರ ಕಾಲ ಹಿಡಕೊಂಡು ಕುಂತಿದ್ದಿ."

"ಅದೆಲ್ಲಾ ಈಗ್ಯಾಕ ವೈನಿ? ಸತ್ತವ್ರಿಗೆ ಎಲ್ಲಿ ಸತ್ತೆ ಅಂತ ಯಾರರ ಕೇಳಾಕ ಹೊಕ್ಕಾರೇನು?" ಎಂದು ಇನ್ನೊಂದು ರೊಟ್ಟಿಗೆ ಕೈ ಚಾಚಿದ.

ಅವನ ಬೆರಳುಗಳಿಂದ ಎಣ್ಣೆ ಇಳಿಯುತ್ತಿತ್ತು. ಮೀಸೆಯ ತುದಿಗೆ ಶೇಂಗಾಪುಡಿ ಅಂಟಿತ್ತು. ಅಗಿಯುವ ಸಪ್ಪಳ ಕೇಳುತ್ತಿತ್ತು. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು, ಕೂಗಾಡಿ ಹಗುರಾಗುತ್ತಿದ್ದೆ. ನನಗೆ ಬಂದದ್ದು ಹೇಸಿಗೆ. ಅದೇ ಕೈಯಿಂದ ಅವನು ಅಣ್ಣನ ಬಾಯಿಗೆ ಗಂಗೆ ಬಿಟ್ಟಿದ್ದ. ಅತ್ತೆ ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಬುಟ್ಟಿಗೆ ಹಾಕಿ, ಒಲೆ ಆರಿಸಿ, ಒಳಗೆ ಹೋಗಿ ಮಲಗಿದರು. ಮರುದಿನ ನನ್ನ ಹತ್ತಿರ ಬಂದು, "ಲಗೂ ಮಾರಿಬಿಡವಾ," ಎಂದಷ್ಟೇ ಹೇಳಿದರು.

ನಮ್ಮ ಶಾಲೆಯ ಗಣಿತದ ಮಾಸ್ತರರ ಪರಿಚಯದವರೊಬ್ಬರು ರಾಣೆಬೆನ್ನೂರಿನಲ್ಲಿದ್ದರು, ಬಿತ್ತನೆ ಬೀಜದ ಅಂಗಡಿಯವರು. ಅಂಥದೇ ಎರಡು ಬಾಗಿಲಿನ ಗಾಡಿಯನ್ನು ಬಹಳ ದಿನದಿಂದ ಹುಡುಕುತ್ತಿದ್ದಾರೆ ಎಂದು ಮಾಸ್ತರರು ಹೇಳಿದರು. ಅವರು ಹೆಂಡತಿಯನ್ನೂ ಕರೆದುಕೊಂಡು ಬಂದರು. ಮುಸ್ಲಿಂ ದಂಪತಿ. ಆತ ಮಿತಭಾಷಿ, ಆಕೆ ಗಟ್ಟಿ ದನಿಯ, ತುಂಬಿದ ಮೈಯ ಹೆಂಗಸು. ತಮ್ಮಲ್ಲಿ ಉರ್ದು, ನನ್ನ ಜೊತೆ ನಮ್ಮದೇ ಕನ್ನಡ. ಶೆಡ್ಡಿನ ಬಾಗಿಲು ತೆಗೆಯುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ. ಕಿಲೋಮೀಟರು ನಿಜ, ನಂಬುವುದಾದರೆ ನಂಬಿ. ಬಣ್ಣ ಹೋಗಿದೆ, ಗೀರಿದೆ. ಹಿಂದೆ ಒಂದು ಕಲೆ ಇದೆ, ಊರವರು ಅದನ್ನು ರಕ್ತವೆನ್ನುತ್ತಾರೆ. ಹಾಗೆಂದು ಹಬ್ಬಿಸಿದವನು ನನ್ನ ಮೈದುನ.

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಆಕೆ ತಲೆಯ ಮೇಲಿನ ಸೆರಗು ಬಿಗಿ ಮಾಡಿಕೊಂಡು, ಮುಂದಿನ ಸೀಟನ್ನು ಮಡಚಿ, ನುಸುಳಿ ಹೋಗಿ ನೇರ ಕಲೆಯ ಮೇಲೇ ಧೊಪ್ಪನೆ ಕುಳಿತರು. ಸೀಟಿನೊಳಗಿಂದ ದೂಳೆದ್ದಿತು. ಮರುಕ್ಷಣ ಒಂದರ ಮೇಲೊಂದು ಸೀನು ಬಂದು, ಉಸಿರು ಎಳೆದುಕೊಳ್ಳಲೂ ಬಿಡುವಿಲ್ಲದಂತಾಯಿತು. ನೋಡಲು ಬಗ್ಗಿದ ಗಂಡನೂ ಸೀನತೊಡಗಿದರು. ಬಾಗಿಲಲ್ಲಿದ್ದ ನನಗೂ ಮೂಗು ಉರಿಯಿತು.

"ಯಾ ಅಲ್ಲಾ!" ಎಂದು ಕಣ್ಣೊರೆಸಿಕೊಳ್ಳುತ್ತ ಆಕೆ ಒಳಗಿಂದಲೇ ಕೂಗಿದರು. "ಇದಕ್ಕ ರಕ್ತ ಅಂದವ್ರ ಮುಖದಾಗ ಮೂಗ ಐತೋ ಇಲ್ಲೋ? ಇಷ್ಟ್ ದಿನಾ ಆದ್ರೂ ಘಾಟು ನೋಡ್ರಿ! ಸೀನು ಬರೂ ರಕ್ತ ಎಲ್ಲೆರ ಐತೇನ್ರೀ ಅಕ್ಕಾರ?"

ನಾನು ನಕ್ಕೆ. ಅಷ್ಟು ತಿಂಗಳಲ್ಲಿ ಅದು ಮೊದಲ ನಗು. ಸಪ್ಪಳ ಕೇಳಿ ಅತ್ತೆ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದರು. ಅವರೂ ಆ ಮಾತು ಕೇಳಿಸಿಕೊಂಡರು. ನಿಧಾನ ನಡೆದು ಬಂದು, ಕಾರಿನೊಳಗೆ ತಲೆ ಹಾಕಿ ಮೂಸಿ ನೋಡಿದರು. ಸೀನಿದರು. ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಬೆನ್ನ ಮೇಲೆ ಒಂದು ಕ್ಷಣ ಕೈಯಿಟ್ಟರು. ನನ್ನ ಮಾತಿಗಿಂತ ಆ ಸೀನು ಅವರಿಗೆ ನಂಬಿಕೆ ತಂದಿತು ಎಂಬುದು ನನಗೆ ನೆಮ್ಮದಿಯನ್ನೂ ಕಹಿಯನ್ನೂ ಒಟ್ಟಿಗೇ ಕೊಟ್ಟಿತು.

ಆ ಹೊತ್ತಿಗೆ ಮೈದುನ ಅಂಗಡಿಯಿಂದ ಬಂದ. ಯಾರೋ ಸುದ್ದಿ ಮುಟ್ಟಿಸಿರಬೇಕು. ಶೆಡ್ಡಿನ ಬಾಯಲ್ಲಿ ನಿಂತು ಬೀಜದಂಗಡಿಯವರಿಗೆ, "ಭಾಯ್, ಗಾಡಿ ವಿಷಯ ನಿಮಗ ಯಾರರ ಹೇಳ್ಯಾರಿಲ್ಲೋ?" ಎಂದ, ದನಿ ತಗ್ಗಿಸಿ, ಉಪಕಾರ ಮಾಡುವವನಂತೆ.

ಆತ ಉತ್ತರಿಸುವ ಮೊದಲೇ ಕಾರಿನೊಳಗಿಂದ ಆಕೆಯ ದನಿ ಬಂತು. "ಹೇಳ್ಯಾರ್ರಿ. ನಿಮ್ಮ ವಿಷಯಾನೂ ಹೇಳ್ಯಾರ."

ಮೈದುನ ಕಿಸೆಯಿಂದ ಮೊಬೈಲು ತೆಗೆದು, ರಿಂಗಾಗದ ಫೋನಿಗೆ ಹಲೋ ಎನ್ನುತ್ತ ಹೊರಟುಹೋದ.

ಹೆದ್ದಾರಿಯ ತನಕ ಓಡಿಸಿ ನೋಡಿ ಬಂದು, ಬೀಜದಂಗಡಿಯವರು ನ್ಯಾಯವಾದ ಬೆಲೆ ಹೇಳಿದರು. ನಾನು ಎಳೆದಾಡಲಿಲ್ಲ. ಕಾಗದಪತ್ರ ಆಗಲೇ ನನ್ನ ಹೆಸರಿಗೆ ಬಂದಿದ್ದರಿಂದ ತಡವಾಗಲಿಲ್ಲ. ಮುಂದಿನ ವಾರ ಬಂದು ಕಾರು ತೆಗೆದುಕೊಂಡು ಹೋದರು. ಸೀಟಿನ ಬಟ್ಟೆ ಬದಲಿಸುತ್ತೀರಾ ಎಂದು ಕೇಳಿದೆ. "ಯಾಕ್ರೀ? ಹಿಂದ ಕುಂತವ್ರಿಗೆ ನೆಗಡಿ ಇದ್ರ ಹೋಗ್ತದ," ಎಂದರು ಆಕೆ.

ಕಾರು ಹೋಯಿತು, ಮಾತು ಹೋಗಲಿಲ್ಲ. ಸತ್ತವರ ಗಾಡಿಯನ್ನು ಹಿಂದೂಗಳು ಯಾರೂ ಮುಟ್ಟಲಿಲ್ಲ, ಅದಕ್ಕೇ ಅವರಿಗೆ ಕೊಟ್ಟಳು, ಅವರಿಗೆ ಇಂಥದ್ದೆಲ್ಲ ನಡೆಯುತ್ತದೆ ಎಂದು ಓಣಿಯಲ್ಲಿ ಆಡಿಕೊಂಡರು. ಇದನ್ನು ನನಗೆ ಹೇಳಿದವರು ಪಕ್ಕದ ಮನೆಯವರು, ನನ್ನ ಮನೆಯಲ್ಲೇ ಕೂತು ಅವಲಕ್ಕಿ ತಿನ್ನುತ್ತ. ಆ ದಂಪತಿಯ ಮುಖ ನೆನಪಾಗಿ ನನಗೆ ತಲೆ ತಗ್ಗಿಸುವಂತಾಯಿತು.

ನಾನು ಹಾವೇರಿಗೆ ಮನೆ ಬದಲಿಸಿದೆ. ಅತ್ತೆಯನ್ನು ಕರೆದೆ. ಬರಲಿಲ್ಲ. ಕಿರಿಯ ಮಗನ ಮನೆಯಲ್ಲೇ ಉಳಿದರು, ಅವನ ಹೆಂಡತಿಗೆ ದಿನ ತುಂಬಿತ್ತು. ಅದನ್ನು ನಾನು ತಪ್ಪೆನ್ನುವುದಿಲ್ಲ.

ಕೂಸು ಹುಟ್ಟಿ, ಹೆಸರಿಡುವ ಹಿಂದಿನ ದಿನ ಮೈದುನ ನನ್ನನ್ನು ಕರೆದೊಯ್ಯಲು ಹಾವೇರಿಗೆ ಬಂದ. ನಾಲ್ಕು ಬಾಗಿಲಿನ ಹೊಸ ಕಾರು ತಂದಿದ್ದ, ಹಾರ ಇನ್ನೂ ಬಾಡಿರಲಿಲ್ಲ. ನಾನು ಕೊಟ್ಟ ಚಹಾ ಕುಡಿದು, ಸಕ್ಕರೆ ಸರಿಯಾಗಿದೆ ಎಂದ. "ನಡೀರಿ ವೈನಿ, ಬಿಡ್ತೇನಿ," ಎಂದ.

"ನಾ ನಾಳೆ ಬಸ್ಸಿಗೆ ಬರ್ತೇನಿ."

"ಇನ್ನೂ ಅದನ್ನ ಹಿಡ್ಕೊಂಡ್ ಕುಂತೀರೇನು?" ಎಂದು ಕೇಳಿದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಹೌದು," ಎಂದೆ.

ಮರುದಿನ ಬಸ್ಸಿನಲ್ಲಿ ಹೋದೆ. ಕೂಸನ್ನು ಎತ್ತಿಕೊಂಡೆ, ತೊಟ್ಟಿಲು ತೂಗಿದೆ, ತಂದಿದ್ದ ಕುಂಚಿಗೆಯನ್ನು ಅದರ ತಲೆಗೆ ಕಟ್ಟಿದೆ. ಅತ್ತೆಯ ಕಾಲು ಮುಟ್ಟಿದೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ, ಮೂರು ಗಂಟೆಯ ಬಸ್ಸು ತಪ್ಪುತ್ತದೆ ಎಂದು ಹೇಳಿ ಉಣ್ಣದೆ ಹೊರಟೆ. ಬಸ್ಸು ಇನ್ನೂ ತಡವಿತ್ತು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಹಸಿವಾದರೂ ಏನೂ ಕೊಳ್ಳದೆ, ಅದು ಬರುವ ತನಕ ಕಾದೆ.